ಸುಡಾನ್‌ಗೆ ಬೆಂಗಳೂರಿನಿಂದ ಔಷಧಿ, ಹಣ, ಫೋನ್ ಸಲಹೆ: ಯಾವುದು ನಿಜಕ್ಕೂ ಉಪಯೋಗಕ್ಕೆ ಬರುತ್ತೆ?

ಮಾತ್ರೆಡಬ್ಬಿ ಕೇಳಿದ್ದು:

ಕಮ್ಮನಹಳ್ಳಿ, ಹೆಣ್ಣೂರು ಕಡೆ ಇರುವ ಸುಡಾನ್ ಮೂಲದ ವೈದ್ಯರು, ಫಾರ್ಮಸಿಸ್ಟ್‌ಗಳು, ನರ್ಸ್‌ಗಳು ಸೇರಿ ಒಂದು ಸಣ್ಣ ಗುಂಪು ಕಟ್ಟಿಕೊಂಡಿದ್ದಾರೆ. ಕೆಲವರಿಗೆ ಭಾರತದ ಪಾಸ್‌ಪೋರ್ಟ್ ಇದೆ, ಹೆಚ್ಚಿನವರಿಗೆ ಸುಡಾನಿನದು. ಅವರ ಪರವಾಗಿ ಇಲ್ಲಿ ಕೇಳ್ತಿದ್ದೀನಿ.

2023ರ ಏಪ್ರಿಲ್ 15ಕ್ಕೆ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ ನಮ್ಮ ಪತ್ರಿಕೆಗಳಲ್ಲಿ ಸುಡಾನ್ ಅಂದರೆ ಎಲ್-ಫಾಶರ್‌ನಲ್ಲಿ ಸಿಕ್ಕಿಹಾಕಿಕೊಂಡ ಹಕ್ಕಿಪಿಕ್ಕಿ ಜನರ ಸುದ್ದಿ. ಭಾರತ ಸರ್ಕಾರದ ಆಪರೇಷನ್ ಕಾವೇರಿಯಲ್ಲಿ ಅವರು ವಾಪಸ್ ಬಂದರು, ಇಲ್ಲಿ ಸುದ್ದಿಯೂ ನಿಂತಿತು. ಈ ಗುಂಪಿನವರಿಗೆ ಮಾತ್ರ ಒಮ್ದುರ್ಮಾನ್, ಕಸ್ಸಾಲಾ, ಪೋರ್ಟ್ ಸುಡಾನ್‌ನಿಂದ ಇವತ್ತಿಗೂ ಫೋನ್ ಬರ್ತಾನೇ ಇದೆ.

ಮೂರು ಯೋಚನೆ ಇದೆ. ಒಂದು, ಕ್ಲಿನಿಕ್‌ಗಳಿಂದ ಸ್ಯಾಂಪಲ್ ಔಷಧಿ, ಉಳಿದ ಸ್ಟ್ರಿಪ್‌ಗಳನ್ನು ಕೂಡಿಸಿ ಕಳಿಸೋದು. ನಾಲ್ಕು ಪೆಟ್ಟಿಗೆ ಈಗಾಗಲೇ ತುಂಬಿದೆ. ಎರಡು, ಇಲ್ಲಿನ ಒಂದು ಪರಿಚಿತ ಟ್ರಸ್ಟ್ ಮೂಲಕ ಹಣ ಎತ್ತೋದು. ಮೂರು, ಅಲ್ಲಿನ ಕಿರಿಯ ವೈದ್ಯರಿಗೆ ವಾಟ್ಸ್ಆ್ಯಪ್‌ನಲ್ಲಿ ಸಲಹೆ ಕೊಡೋದು. ಯಾವುದು ಸರಿ, ಎಲ್ಲಿ ಎಡವುತ್ತೇವೆ? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಗೋದಾಮು:

ಮೊದಲು ಆ ನಾಲ್ಕು ಪೆಟ್ಟಿಗೆಯ ವಿಚಾರ. ಅವನ್ನು ಕಳಿಸಬೇಡಿ. ಬೇಜಾರಾಗುತ್ತದೆ ಎಂದು ಗೊತ್ತು, ಆದರೂ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬೋಸ್ನಿಯಾ ಯುದ್ಧದಲ್ಲಿ, 1992ರಿಂದ 1996ರ ನಡುವೆ, ಹೊರಗಿನವರು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ ಔಷಧಿಗಳಲ್ಲಿ ಅಂದಾಜು 17,000 ಟನ್ ಉಪಯೋಗಕ್ಕೆ ಬಾರದ್ದಾಗಿತ್ತು. ಅವಧಿ ಮೀರಿದ್ದು, ಹೆಸರು ಓದಲಾಗದ್ದು, ಅರ್ಧ ಬಳಸಿದ್ದು. ಅದನ್ನು ವಿಂಗಡಿಸಿ ಸುಡುವ ಹೊರೆ ಯುದ್ಧದಲ್ಲಿದ್ದವರ ತಲೆಯ ಮೇಲೇ ಬಿತ್ತು. ಮನೆಯಲ್ಲಿ ಉಳಿದ ಸ್ಟ್ರಿಪ್ ಮತ್ತು ಕಂಪನಿಯ ಸ್ಯಾಂಪಲ್ ಕಳಿಸಲೇಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ದಾನ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುವುದು ಇದೇ ಅನುಭವದಿಂದ. ಔಷಧಿ ತಲುಪುವಾಗ ಇನ್ನೂ ಕನಿಷ್ಠ ಒಂದು ವರ್ಷ ಅವಧಿ ಇರಬೇಕು, ಬ್ರ್ಯಾಂಡ್ ಜೊತೆ ಜೆನೆರಿಕ್ ಹೆಸರು ಇರಬೇಕು, ಔಷಧಿ ಮತ್ತು ಬೇರೆ ಸಾಮಾನು ಒಂದೇ ಪೆಟ್ಟಿಗೆಯಲ್ಲಿ ಇರಬಾರದು. ಪೆಟ್ಟಿಗೆಯ ತೂಕ 20 ಕಿಲೋ ಒಳಗಿರಲಿ. ಕೊನೆಯ ಹತ್ತು ಮೈಲಿ ಅದನ್ನು ಹೊರುವುದು ಮನುಷ್ಯರು.

ಸರಿಯಾದ ದಾರಿ ಹಿಮ್ಮುಖವಾದದ್ದು. ಮೊದಲು ಅಲ್ಲಿನ ಆಸ್ಪತ್ರೆಯ ಫಾರ್ಮಸಿಸ್ಟ್‌ನಿಂದ ಪಟ್ಟಿ ತರಿಸಿಕೊಳ್ಳಿ. ಪ್ರತಿ ಸಾಲಿನಲ್ಲೂ ಜೆನೆರಿಕ್ ಹೆಸರು, ಸ್ಟ್ರೆಂತ್, ರೂಪ, ತಿಂಗಳಿಗೆ ಎಷ್ಟು ಖರ್ಚಾಗುತ್ತದೆ, ಈಗ ಎಷ್ಟಿದೆ ಎಂಬ ಐದು ಮಾಹಿತಿ ಬೇಕು. 'ಆ್ಯಂಟಿಬಯಾಟಿಕ್ ಬೇಕು' ಎಂದಷ್ಟೇ ಬಂದರೆ ವಾಪಸ್ ಕೇಳಿ. ಪಟ್ಟಿ ಬಂದ ಮೇಲೆ ಬೆಂಗಳೂರಿನಲ್ಲೇ ಕೊಳ್ಳಬೇಕೋ, ಅಲ್ಲೇ ಹತ್ತಿರದಲ್ಲಿ ಸಿಗುತ್ತದೋ ನೋಡಿ. ಎಷ್ಟೋ ಸಲ ಪೋರ್ಟ್ ಸುಡಾನ್‌ನ ಸಗಟು ಅಂಗಡಿಯಲ್ಲಿ ಸರಕು ಇರುತ್ತದೆ, ಆಸ್ಪತ್ರೆಯ ಕೈಯಲ್ಲಿ ದುಡ್ಡಿರುವುದಿಲ್ಲ.

ಇಲ್ಲಿಂದಲೇ ಕಳಿಸುವುದಾದರೆ ಪರವಾನಗಿ ಇರುವ ರಫ್ತುದಾರರ ಮೂಲಕವೇ ಕಳಿಸಿ. ಸುಡಾನಿನ ರಾಷ್ಟ್ರೀಯ ಔಷಧ ಮತ್ತು ವಿಷ ಮಂಡಳಿಯ ಆಮದು ಒಪ್ಪಿಗೆ ಕೈಗೆ ಬರುವ ಮೊದಲು ದೇವನಹಳ್ಳಿ ಕಾರ್ಗೋಗೆ ಪೆಟ್ಟಿಗೆ ಒಯ್ಯಬೇಡಿ. ಒಪ್ಪಿಗೆ ಇಲ್ಲದೆ ಹೋದ ಸರಕು ಅಲ್ಲಿನ ಬಂದರಿನಲ್ಲಿ ಬಿಸಿಲಿಗೆ ಕೂರುತ್ತದೆ. ಆ ಸೆಖೆಯಲ್ಲಿ ಸಪೋಸಿಟರಿ (ಗುದದ್ವಾರದಲ್ಲಿ ಇಡುವ ಔಷಧಿ) ಕರಗುತ್ತದೆ, ಹೆರಿಗೆಯ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಸತ್ವ ಕಳೆದುಕೊಳ್ಳುತ್ತದೆ. ಆಂಪೂಲ್ ನೋಡಲು ಮೊದಲಿನಂತೆಯೇ ಇರುತ್ತದೆ, ಅದೇ ಅಪಾಯ. ಹೆರಿಗೆಯ ರಕ್ತಸ್ರಾವ ನಿಲ್ಲದೆ ಹೋದಾಗಲೇ ಔಷಧಿ ಕೆಟ್ಟಿದ್ದು ತಿಳಿಯುತ್ತದೆ.

ಇನ್ನು ನೋವು, ಅರಿವಳಿಕೆ, ನಿದ್ರೆಯ ಔಷಧಿಗಳು: ಕೆಟಮಿನ್, ಟ್ರಮಡಾಲ್, ಮಿಡಜೋಲಮ್, ಡಯಾಜೆಪಾಮ್, ಮಾರ್ಫಿನ್. ಇವೆಲ್ಲ ನಮ್ಮಲ್ಲಿ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಅಡಿ ಬರುತ್ತವೆ. ಕೆಟಮಿನ್ 2011ರಲ್ಲಿ, ಟ್ರಮಡಾಲ್ 2018ರಲ್ಲಿ ಪಟ್ಟಿಗೆ ಸೇರಿದವು. ಗ್ವಾಲಿಯರ್‌ನಲ್ಲಿರುವ ಮಾದಕವಸ್ತು ಆಯುಕ್ತರ ರಫ್ತು ಅನುಮತಿ ಇಲ್ಲದೆ ಇವು ದೇಶ ದಾಟುವಂತಿಲ್ಲ. ಊರಿಗೆ ಹೋಗುವವರ ಸೂಟ್‌ಕೇಸ್‌ನಲ್ಲಿ 'ಹತ್ತೇ ವಯಲ್' ಎಂದು ಇಟ್ಟು ಕಳಿಸಿದರೆ ಆ ಮನುಷ್ಯ ಜೈಲಿಗೆ ಹೋಗುತ್ತಾನೆ. ಗುಂಪಿನ ಕಿರಿಯರಿಗೆ ಇದನ್ನು ಬಿಡಿಸಿ ಹೇಳಿ.

ಲೆಕ್ಕಪತ್ರ:

ಹಣದ ವಿಚಾರದಲ್ಲಿ ದೊಡ್ಡ ಹಳ್ಳ ಇರುವುದು ಆ 'ಪರಿಚಿತ ಟ್ರಸ್ಟ್'ನಲ್ಲೇ.

ಸುಡಾನ್ ಪಾಸ್‌ಪೋರ್ಟ್ ಇರುವವರು ಬೆಂಗಳೂರಿನಲ್ಲೇ ಕೂತು, ಬೆಂಗಳೂರಿನ ಬ್ಯಾಂಕಿನಿಂದ, ರೂಪಾಯಿಯಲ್ಲೇ ಕೊಟ್ಟರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಪ್ರಕಾರ ಅದು ವಿದೇಶಿ ದೇಣಿಗೆ. ಕೊಡುವವರ ಪೌರತ್ವ ಯಾವುದು ಅನ್ನೋದನ್ನೇ ಕಾನೂನು ನೋಡುತ್ತದೆ, ಹಣ ಯಾವ ನೋಟು ಅನ್ನೋದು ಲೆಕ್ಕಕ್ಕಿಲ್ಲ. ಎಫ್‌ಸಿಆರ್‌ಎ ನೋಂದಣಿ ಇಲ್ಲದ ಟ್ರಸ್ಟ್ ಅದನ್ನು ಮುಟ್ಟುವಂತಿಲ್ಲ. ಎರಡನೆಯ ಹಳ್ಳ: ಭಾರತದ ದತ್ತಿ ಟ್ರಸ್ಟ್ ತನ್ನ ಆದಾಯವನ್ನು ದೇಶದ ಹೊರಗೆ ಖರ್ಚು ಮಾಡಬೇಕಾದರೆ ನೇರ ತೆರಿಗೆ ಮಂಡಳಿಯ ಅನುಮತಿ ಬೇಕು, ಇಲ್ಲದಿದ್ದರೆ ಆ ಮೊತ್ತಕ್ಕೆ ತೆರಿಗೆ ವಿನಾಯಿತಿ ಹೋಗುತ್ತದೆ. ನಿಮಗೆ ಉಪಕಾರ ಮಾಡಲು ಹೋಗಿ ಟ್ರಸ್ಟ್‌ನವರು ಸಿಕ್ಕಿಬೀಳುತ್ತಾರೆ.

ಹಾಗಾಗಿ ಒಟ್ಟುಗೂಡಿಸುವ ಆಸೆ ಬಿಡಿ. ಒಬ್ಬೊಬ್ಬರೂ ತಮ್ಮ ತಮ್ಮ ಖಾತೆಯಿಂದಲೇ ಕೊಡಲಿ. ಭಾರತೀಯ ನಿವಾಸಿಗಳಿಗೆ ಎಲ್‌ಆರ್‌ಎಸ್ (ವ್ಯಕ್ತಿಗಳು ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟ ಅವಕಾಶ) ಅಡಿ ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ ಮೂಲದಲ್ಲೇ ತೆರಿಗೆ ಹಿಡಿಯುತ್ತಾರೆ, ನಿಮ್ಮ ಮೊತ್ತ ಅಲ್ಲಿಗೆ ಮುಟ್ಟಲಿಕ್ಕಿಲ್ಲ. ಬ್ಯಾಂಕಿನ ಫಾರಂನಲ್ಲಿ ಉದ್ದೇಶ 'ದಾನ' ಅಂತಲೇ ಬರೆಯಿರಿ. ಇಲ್ಲೇ ಉದ್ಯೋಗದಲ್ಲಿರುವ ಸುಡಾನ್ ಪ್ರಜೆಗಳು ತೆರಿಗೆ ಕಟ್ಟಿ ಉಳಿದ ಸಂಬಳವನ್ನು ಪೇಸ್ಲಿಪ್ ತೋರಿಸಿ ಕಳಿಸಲಿ.

ಎಲ್ಲಿಗೆ? ನೇರ ಸುಡಾನ್‌ಗೆ ಬ್ಯಾಂಕ್ ವರ್ಗಾವಣೆ ನಿರ್ಬಂಧಗಳ ತಪಾಸಣೆಯಲ್ಲಿ ಸಿಕ್ಕಿಕೊಂಡು ವಾರಗಟ್ಟಲೆ ನಿಲ್ಲುತ್ತದೆ. ಬೇರೆ ದೇಶದಲ್ಲಿ ನೋಂದಣಿಯಾಗಿ, ಸುಡಾನ್ ಒಳಗೆ ಕೆಲಸ ಮಾಡುತ್ತಿರುವ ಸಂಸ್ಥೆಗೆ ಕೊಡುವುದು ಬೇಗ ಮುಟ್ಟುತ್ತದೆ. ಸುಡಾನೀಸ್ ಅಮೆರಿಕನ್ ಫಿಸಿಷಿಯನ್ಸ್ ಅಸೋಸಿಯೇಷನ್ ಇಂಥದ್ದು, ವಲಸೆ ಹೋದ ಸುಡಾನಿ ವೈದ್ಯರೇ ಕಟ್ಟಿದ್ದು. ಅಲ್ಲಿನ ಬಡಾವಣೆಗಳಲ್ಲಿ ಅನ್ನದ ಒಲೆ, ಕ್ಲಿನಿಕ್ ನಡೆಸುವ ತುರ್ತು ಸ್ಪಂದನಾ ಕೊಠಡಿಗಳ ಹುಡುಗರಿಗೆ 2025ರಲ್ಲಿ ರಾಫ್ಟೋ ಪ್ರಶಸ್ತಿ ಬಂದದ್ದನ್ನು ಓದಿರುತ್ತೀರಿ. ಅವರಿಗೂ ಇಂಥ ಸಂಸ್ಥೆಗಳ ಮೂಲಕವೇ ಹೋಗಲಿ.

ದೇಶದೊಳಗೆ ನೋಟಿನ ಬರ ಇರುವುದರಿಂದ ಜನ ಬ್ಯಾಂಕಕ್ ಎಂಬ ಆ್ಯಪ್‌ನಲ್ಲೇ ವ್ಯವಹರಿಸುತ್ತಾರೆ. ಆದ್ದರಿಂದ 'ಇಲ್ಲಿ ರೂಪಾಯಿ ಕೊಡಿ, ಅಲ್ಲಿ ಬ್ಯಾಂಕಕ್‌ಗೆ ಹಾಕಿಸ್ತೀನಿ' ಅನ್ನುವ ಮಧ್ಯವರ್ತಿ ಖಂಡಿತ ಸಿಗುತ್ತಾನೆ. ಅದು ಹವಾಲಾ. ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ಉಲ್ಲಂಘನೆ, ವಿದೇಶಿ ಪ್ರಜೆಗಳಾದರೆ ವೀಸಾಗೂ ಕುತ್ತು.

ರಾತ್ರಿಪಾಳಿ:

ಮೂರನೆಯದಕ್ಕೆ ಬರ್ತೀನಿ. ನನ್ನ ಪ್ರಕಾರ ಈ ಗುಂಪು ಕೊಡಬಹುದಾದ ಅತಿ ಬೆಲೆಬಾಳುವ ವಸ್ತು ಇದೇ. ಔಷಧಿ ಯಾರು ಬೇಕಾದರೂ ಕೊಳ್ಳಬಹುದು. ಸುಡಾನಿ ಅರಬ್ಬಿಯಲ್ಲಿ, ನಡುರಾತ್ರಿ, ಇಪ್ಪತ್ತಾರು ವರ್ಷದ ಹೌಸ್ ಆಫೀಸರ್‌ಗೆ (ಆಸ್ಪತ್ರೆಯ ಕಿರಿಯ ವೈದ್ಯರಿಗೆ) ಹೆದರಿಕೆಯಾಗದ ಹಾಗೆ ಸಲಹೆ ಕೊಡುವವರು ಎಷ್ಟು ಜನ ಇದ್ದಾರೆ?

ಕಾನೂನು ಮೊದಲು. ನಮ್ಮ 2020ರ ಟೆಲಿಮೆಡಿಸಿನ್ ಮಾರ್ಗಸೂಚಿ ಭಾರತದ ಹೊರಗಿನ ರೋಗಿಗಳಿಗೆ ಅನ್ವಯಿಸುವುದಿಲ್ಲ, ಅಂದರೆ ಅದರ ರಕ್ಷಣೆಯೂ ನಿಮಗಿಲ್ಲ. ಅದಕ್ಕೇ ರೋಗಿಗೆ ನೇರ ಚೀಟಿ ಬರೆಯಬೇಡಿ. ವೈದ್ಯರಿಂದ ವೈದ್ಯರಿಗೆ ಸಲಹೆ ಅಂತಲೇ ಇರಲಿ, ಕೊನೆಯ ತೀರ್ಮಾನ ರೋಗಿಯ ಪಕ್ಕ ನಿಂತವರದ್ದು. ಇದನ್ನು ಮೊದಲ ಸಂದೇಶದಲ್ಲೇ ಬರೆದಿಡಿ.

ನೆಟ್‌ವರ್ಕ್ ಹೇಗಿದೆ ಗೊತ್ತಲ್ಲ. 2024ರ ಫೆಬ್ರವರಿಯಲ್ಲಿ ಮೊಬೈಲ್ ಜಾಲ ಬಿದ್ದ ಮೇಲೆ ಸ್ಟಾರ್‌ಲಿಂಕ್ ಉಪಗ್ರಹ ಇಂಟರ್ನೆಟ್‌ನ ಡಿಶ್ ಇರೋ ಕಡೆ ದುಡ್ಡು ಕೊಟ್ಟು ಸ್ವಲ್ಪ ಹೊತ್ತು ಮಾತ್ರ ಸಂಪರ್ಕ ಸಿಗುವ ಊರುಗಳಾದವು. ನೀವು 'ಬಿಪಿ ಎಷ್ಟು?' ಅಂತ ವಾಪಸ್ ಕೇಳಿದರೆ ಉತ್ತರ ನಾಳೆ ಬರಬಹುದು. ಹಾಗಾಗಿ ಒಂದೇ ಸಂದೇಶದಲ್ಲಿ ಎಲ್ಲ ಬರುವ ನಮೂನೆ ಮಾಡಿಕೊಡಿ: ವಯಸ್ಸು, ತೂಕ, ಗಾಯವಾಗಿ ಎಷ್ಟು ಗಂಟೆ, ನಾಡಿ, ಬಿಪಿ, ಉಸಿರು, ಏನೇನು ಕೊಟ್ಟಾಗಿದೆ, ಕೈಯಲ್ಲಿ ಏನೇನು ಔಷಧಿ ಯಾವ ಸ್ಟ್ರೆಂತ್‌ನಲ್ಲಿ ಇದೆ, ರಕ್ತ ಇದೆಯಾ, ಮುಂದಿನ ಆಸ್ಪತ್ರೆ ಎಷ್ಟು ದೂರ, ದಾರಿ ತೆರೆದಿದೆಯಾ. ನಿಮ್ಮ ಉತ್ತರವೂ ಹಾಗೇ, 'ಹೀಗಾದರೆ ಇದು, ಹಾಗಾದರೆ ಅದು' ಅಂತ ಮುಂದಿನ ಆರು ಗಂಟೆಗೆ ಸಾಕಾಗುವಷ್ಟು ಇರಲಿ.

ಡೋಸ್ ಬರೆಯುವಾಗ ಮಿಲಿಗ್ರಾಂ ಮತ್ತು ಮಿಲಿಲೀಟರ್ ಎರಡೂ ಬರೆಯಿರಿ. ಉದಾಹರಣೆಗೆ ಕೆಟಮಿನ್. ನೋವಿಗೆ ಕೆಜಿಗೆ 0.2 ಮಿಗ್ರಾಂ, 50 ಕೆಜಿಯವರಿಗೆ 10 ಮಿಗ್ರಾಂ. ವಯಲ್ ಮಿಲೀಗೆ 50 ಮಿಗ್ರಾಂನದಾದರೆ ಅದು ಬರೀ 0.2 ಮಿಲೀ, ಕೈ ನಡುಗಿದರೆ ಮೂರು ಪಟ್ಟು ಹೋಗುತ್ತೆ. 1 ಮಿಲೀ ಎಳೆದು ಸಲೈನ್ ಸೇರಿಸಿ 10 ಮಿಲೀ ಮಾಡಿಸಿ. ಈಗ ಮಿಲೀಗೆ 5 ಮಿಗ್ರಾಂ, 2 ಮಿಲೀಯನ್ನು ಹತ್ತು ನಿಮಿಷದಲ್ಲಿ ನಿಧಾನಕ್ಕೆ ಕೊಡಲಿ. ಮಿಲೀಗೆ 10 ಮಿಗ್ರಾಂನ ವಯಲ್‌ಗಳೂ ಇವೆ, ಅದಕ್ಕೇ ಲೇಬಲ್‌ನ ಫೋಟೋ ಇಲ್ಲದೆ ಮಿಲೀ ಲೆಕ್ಕ ಹೇಳಬೇಡಿ.

ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆ್ಯಸಿಡ್: ಗಾಯವಾದ 3 ಗಂಟೆಯೊಳಗೆ 1 ಗ್ರಾಂ, ಅಂದರೆ 500 ಮಿಗ್ರಾಂನ ಎರಡು ಆಂಪೂಲ್, 100 ಮಿಲೀ ಸಲೈನ್‌ನಲ್ಲಿ 10 ನಿಮಿಷ. ಆಮೇಲೆ ಇನ್ನೊಂದು ಗ್ರಾಂ 8 ಗಂಟೆಯಲ್ಲಿ. ಮೂರು ಗಂಟೆ ದಾಟಿದ ಮೇಲೆ ಶುರು ಮಾಡಿದರೆ ಲಾಭಕ್ಕಿಂತ ಹಾನಿ ಹೆಚ್ಚು. ಕತ್ತೆಗಾಡಿಯಲ್ಲಿ ಬಂದ ರೋಗಿಗೆ 'ಗಾಯ ಯಾವಾಗ ಆಯ್ತು' ಅನ್ನೋ ಪ್ರಶ್ನೆ ಅದಕ್ಕೇ ಮೊದಲು.

ಬೆಂಗಳೂರಿನ ದೊಡ್ಡ ಆಸ್ಪತ್ರೆಯ ಅಭ್ಯಾಸ ಇಲ್ಲಿ ಕೈಕೊಡುವ ಜಾಗ ಒಂದಿದೆ: ಗಾಯ ಹೊಲಿಯೋದು. ಗುಂಡು, ಚೂರು ಹೊಕ್ಕ ಗಾಯವನ್ನು ಮೊದಲ ದಿನವೇ ಹೊಲಿಯಬಾರದು. ಸತ್ತ ಮಾಂಸ ತೆಗೆದು, ಚೆನ್ನಾಗಿ ತೊಳೆದು, ದಪ್ಪ ಗಾಜ್ ಸಡಿಲವಾಗಿ ಇಟ್ಟು, ನಾಲ್ಕೈದು ದಿನ ಬಿಟ್ಟು ಆಪರೇಷನ್ ಥಿಯೇಟರ್‌ನಲ್ಲೇ ಬಿಚ್ಚಿ, ಶುದ್ಧವಾಗಿದ್ದರೆ ಆಗ ಹೊಲಿಗೆ. ನಡುವೆ ವಾರ್ಡ್‌ನಲ್ಲಿ ದಿನಾ ಬಿಚ್ಚಿ ನೋಡುವುದರಿಂದಲೇ ಸೋಂಕು ಸೇರುತ್ತೆ. ವಾಸನೆ, ಜ್ವರ, ಹೆಚ್ಚುವ ನೋವು ಇದ್ದರೆ ಮಾತ್ರ ಮೊದಲೇ ತೆಗೆಯಲಿ. ಜೊತೆಗೆ ಟೆಟನಸ್ ಮರೆಯಬೇಡಿ.

ಕಾಲರಾ ಕರೆಗಳು ಗುಂಡಿನ ಕರೆಗಳಿಗಿಂತ ಹೆಚ್ಚು ಬರಬಹುದು. 2025ರ ಮೇನಲ್ಲಿ ಖಾರ್ತೂಮ್‌ನಲ್ಲಿ ವಿದ್ಯುತ್ ಕೇಂದ್ರಗಳ ಮೇಲೆ ಡ್ರೋನ್ ಬಿತ್ತು, ಪಂಪ್ ನಿಂತಿತು, ಜನ ಸಿಕ್ಕಿದ ನೀರು ಕುಡಿದರು, ಕಾಲರಾ ಉಕ್ಕಿತು. ತೀವ್ರ ನಿರ್ಜಲೀಕರಣಕ್ಕೆ ಒಂದು ವರ್ಷ ದಾಟಿದವರಿಗೆ ರಿಂಗರ್ ಲ್ಯಾಕ್ಟೇಟ್ (ಲವಣ ಇರುವ ಡ್ರಿಪ್) ಕೆಜಿಗೆ 100 ಮಿಲೀ: 30 ಮಿಲೀ ಮೊದಲ ಅರ್ಧ ಗಂಟೆಯಲ್ಲಿ, 70 ಮಿಲೀ ಮುಂದಿನ ಎರಡೂವರೆ ಗಂಟೆಯಲ್ಲಿ. 50 ಕೆಜಿಯವರಿಗೆ ಅರ್ಧ ಲೀಟರ್‌ನ ಮೂರು ಬಾಟಲಿ ಅರ್ಧ ಗಂಟೆಗೇ ಬೇಕು, ಒಂದು ಸೂಜಿ ಸಾಲದು, ಎರಡೂ ಕೈಗೆ ಹಾಕಲಿ. ಒಂದು ವರ್ಷದೊಳಗಿನ ಮಗುವಿಗೆ ಅದೇ ಪ್ರಮಾಣ, ಆದರೆ 1 ಗಂಟೆ ಮತ್ತು 5 ಗಂಟೆ. ಬರೀ ಡೆಕ್ಸ್‌ಟ್ರೋಸ್ 5% (ಸಕ್ಕರೆಯ ಡ್ರಿಪ್) ಇದ್ದರೆ ಅದನ್ನೇ ಏರಿಸಿ ಸಮಾಧಾನ ಪಡಬೇಡಿ, ಕಳೆದುಹೋದ ಲವಣ ಅದರಲ್ಲಿಲ್ಲ. ಕುಡಿಯಬಲ್ಲವರಿಗೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚ ಮಟ್ಟಸವಾಗಿರಬೇಕು. ಉಪ್ಪು ಹೆಚ್ಚಾದರೆ ಮಗುವಿಗೆ ಫಿಟ್ಸ್ ಬರುತ್ತೆ.

ಎಕ್ಸ್‌ರೇ ಫೋಟೋ ಬಗ್ಗೆ. ಫೋಟೋ ಆಗಿ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿಬಿಡುತ್ತೆ, ಕೂದಲೆಳೆ ಮುರಿತ ಕಾಣೋದೇ ಇಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಪೂರ್ತಿ ಬರುತ್ತೆ, ಆದರೆ ಆ ಫೈಲ್ ಒಳಗೆ ಫೋಟೋ ತೆಗೆದ ಜಾಗದ ಅಕ್ಷಾಂಶ ರೇಖಾಂಶವೂ ಜೊತೆಗೇ ಬರಬಹುದು. ಎಲ್-ಫಾಶರ್‌ನ ಸೌದಿ ಹೆರಿಗೆ ಆಸ್ಪತ್ರೆಯ ಮೇಲೆ ದಾಳಿಯಾದ ದೇಶ ಅದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಸಿ, ಆಮೇಲೆ ಡಾಕ್ಯುಮೆಂಟ್. ಫಿಲ್ಮ್ ಮೇಲಿನ ಹೆಸರು, ಆಸ್ಪತ್ರೆಯ ಮುದ್ರೆ ಮುಚ್ಚಿ ತೆಗೆಯಲಿ. 'ನಮ್ಮ ಗುಂಪು ಇಂಥ ಆಸ್ಪತ್ರೆಗೆ ನೆರವಾಯಿತು' ಅಂತ ಇಲ್ಲಿಂದ ಪೋಸ್ಟ್ ಹಾಕಲೇಬೇಡಿ. ಊರು ಕೈ ಬದಲಾದಾಗ ಅಲ್ಲಿನ ವೈದ್ಯರನ್ನು 'ಆ ಕಡೆಯವರು' ಅಂತ ಹಿಡಿಯಲು ಅಷ್ಟೇ ಸಾಕು.

ಮಾತ್ರೆಡಬ್ಬಿ:

ತುಂಬಾ ಉಪಕಾರ. ಪೆಟ್ಟಿಗೆ ಕಳಿಸೋದು ನಿಲ್ಲಿಸಿದ್ದಾರೆ, ಪಟ್ಟಿ ಕೇಳಿ ಅರಬ್ಬಿಯಲ್ಲಿ ಬರೆದಿದ್ದಾರೆ. ಬಂದ ಮೊದಲ ಪಟ್ಟಿಯಲ್ಲಿ ಇನ್ಸುಲಿನ್ ಮತ್ತು ಆಕ್ಸಿಜನ್ ಕಾನ್ಸಂಟ್ರೇಟರ್ ಇವೆ. ಕೋವಿಡ್ ಕಾಲದ ಕಾನ್ಸಂಟ್ರೇಟರ್‌ಗಳು ಇಲ್ಲಿ ಮೂಲೆಯಲ್ಲಿ ಬಿದ್ದಿವೆ, ಕಳಿಸಬಹುದಾ? ಡಯಾಲಿಸಿಸ್ ತಪ್ಪಿಹೋಗ್ತಿರುವವರ ಬಗ್ಗೆಯೂ ಕೇಳ್ತಿದ್ದಾರೆ.

ಗೋದಾಮು:

ಇನ್ಸುಲಿನ್ ವಿಷಯದಲ್ಲಿ ಜೋಕೆ. ನಮ್ಮ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ವಯಲ್ ಮಿಲೀಗೆ 40 ಯೂನಿಟ್‌ನದು, ಕೆಂಪು ಮುಚ್ಚಳದ ಸಿರಿಂಜ್. ಜಗತ್ತಿನ ಹೆಚ್ಚಿನ ಕಡೆ, ತುರ್ತು ಕಿಟ್‌ಗಳಲ್ಲೂ, ಮಿಲೀಗೆ 100 ಯೂನಿಟ್, ಕಿತ್ತಳೆ ಮುಚ್ಚಳ. ನಮ್ಮ 40ರ ವಯಲ್ ಅಲ್ಲಿಗೆ ಹೋಗಿ ಅಲ್ಲಿನ 100ರ ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 8 ಯೂನಿಟ್. ಸಕ್ಕರೆ ಇಳಿಯಲಿಲ್ಲ ಎಂದು ಡೋಸ್ ಏರಿಸುತ್ತಾರೆ. ಮುಂದಿನ ತಿಂಗಳು 100ರ ವಯಲ್ ಬಂದಾಗ ಏರಿಸಿದ ಗೆರೆಗೇ ಎಳೆದರೆ ಪ್ರಜ್ಞೆ ತಪ್ಪುತ್ತದೆ. ನಮ್ಮ ಕೆಂಪು ಸಿರಿಂಜ್ ಅಲ್ಲಿನ ವಯಲ್‌ಗೆ ಜೊತೆಯಾದರಂತೂ ಎರಡೂವರೆ ಪಟ್ಟು ಹೋಗುತ್ತದೆ. 100ರ ಇನ್ಸುಲಿನ್ ಮಾತ್ರ ಕೊಳ್ಳಿ, ಅದಕ್ಕೊಪ್ಪುವ ಸಿರಿಂಜ್ ಅದೇ ಪಾರ್ಸೆಲ್‌ನಲ್ಲಿ ಹೋಗಲಿ.

ಫ್ರಿಜ್ ಇಲ್ಲದ ಮನೆಗೆ ಮಣ್ಣಿನ ಮಡಕೆ ಸಾಕು. ದೊಡ್ಡ ಮಡಕೆಯೊಳಗೆ ಸಣ್ಣದು, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ವಯಲ್ ಪ್ಲಾಸ್ಟಿಕ್ ಚೀಲದಲ್ಲಿರಲಿ. ಸುಡಾನ್‌ನಲ್ಲಿ ಜೀರ್ ಎಂಬ ನೀರಿನ ಹರವಿ ಮನೆಮನೆಯಲ್ಲೂ ಇರುವುದರಿಂದ ಇದನ್ನು ಕಲಿಸುವ ಕಷ್ಟವಿಲ್ಲ. ಖಾರ್ತೂಮ್‌ನ ಒಣ ಹವೆಯಲ್ಲಿ ಚೆನ್ನಾಗಿ ತಣಿಯುತ್ತದೆ, ಪೋರ್ಟ್ ಸುಡಾನ್‌ನ ಕಡಲ ತೇವದಲ್ಲಿ ಅಷ್ಟಾಗಿ ಆಗದು.

ಕಾನ್ಸಂಟ್ರೇಟರ್ ಕಳಿಸಬಹುದು. ವಿದ್ಯುತ್ ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಆದರೆ ಮೂಲೆಯಲ್ಲಿ ಬಿದ್ದದ್ದರ ಜಿಯೊಲೈಟ್ (ಗಾಳಿಯಿಂದ ಸಾರಜನಕ ಹೀರಿ ಆಮ್ಲಜನಕ ಉಳಿಸುವ ಹರಳು) ತೇವ ಹೀರಿ ಕೆಟ್ಟಿರಬಹುದು. ಗಾಳಿ ಬರುತ್ತದೆ, ದೀಪವೂ ಹಸಿರಿರಬಹುದು, ಆಮ್ಲಜನಕ ಮಾತ್ರ ಸಾಕಷ್ಟು ಇರುವುದಿಲ್ಲ. ಪೂರ್ತಿ ಹರಿವಿನಲ್ಲಿ ಅರ್ಧ ಗಂಟೆ ಓಡಿಸಿ ಆಮ್ಲಜನಕದ ಪ್ರಮಾಣವನ್ನು ಅನಲೈಸರ್‌ನಲ್ಲಿ ಅಳೆಯಿರಿ, 82%ಕ್ಕಿಂತ ಕಡಿಮೆ ಬಂದರೆ ಬಿಟ್ಟುಬಿಡಿ. ನಿಮಿಷಕ್ಕೆ 5 ಲೀಟರ್‌ನದಕ್ಕೆ ಸುಮಾರು 350 ವ್ಯಾಟ್ ಬೇಕು, ಜನರೇಟರ್ ಲೆಕ್ಕಕ್ಕೆ ಇದನ್ನು ತಿಳಿಸಿ. ಒಂದೊಂದಕ್ಕೂ ಸ್ಟೆಬಿಲೈಸರ್, ಹೆಚ್ಚುವರಿ ಫಿಲ್ಟರ್, ಮಕ್ಕಳ ಕ್ಯಾನುಲಾ (ಮೂಗಿಗೆ ಇಡುವ ನಳಿಕೆ) ಜೊತೆಗಿರಲಿ. ಅಲ್ಲಿನ ಧೂಳಿಗೆ ಹೊರಗಿನ ಫಿಲ್ಟರ್ ದಿನಾ ತೊಳೆಯಬೇಕು, 40 ಡಿಗ್ರಿ ದಾಟಿದ ಕೋಣೆಯಲ್ಲಿ ಯಂತ್ರ ಬಳಲುತ್ತದೆ.

ರಾತ್ರಿಪಾಳಿ:

ಡಯಾಲಿಸಿಸ್ ತಪ್ಪಿದವರಲ್ಲಿ ಬೇಗ ಕೊಲ್ಲುವುದು ಪೊಟ್ಯಾಸಿಯಂ ಮತ್ತು ಶ್ವಾಸಕೋಶಕ್ಕೆ ನುಗ್ಗುವ ನೀರು. ಅಲ್ಲಿ ದಿನದ ಊಟ ಫೂಲ್, ಅಂದರೆ ಬೇಯಿಸಿದ ಫಾವಾ ಕಾಳು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಖರ್ಜೂರದಲ್ಲೂ ಅಷ್ಟೇ. 'ಡಯಟ್ ಮಾಡಿ' ಅಂದರೆ ಏನೂ ಅರ್ಥವಾಗಲ್ಲ. ಫೂಲ್ ಬದಲು ಅನ್ನ ಅಥವಾ ಜೋಳದ ಕಿಸ್ರಾ, ಬೇರೆ ಏನೂ ಸಿಗದಿದ್ದರೆ ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುದಿಸಿ ಅದನ್ನೂ ಚೆಲ್ಲಿ, ಮೂರನೇ ನೀರಲ್ಲಿ ಬೇಯಿಸಿ, ಸ್ವಲ್ಪವೇ ತಿನ್ನಿ ಅಂತ ಹೇಳಿ. ಕುಡಿಯುವ ನೀರನ್ನು ಬೆಳಿಗ್ಗೆಯೇ ಬಾಟಲಿಗೆ ಅಳೆದಿಟ್ಟುಕೊಳ್ಳಲಿ: ಹಿಂದಿನ ದಿನ ಹೋದ ಮೂತ್ರ, ಜೊತೆಗೆ ಅರ್ಧ ಲೀಟರ್. ಬೆವರು ಸುರಿಯುವ ದಿನ ಸ್ವಲ್ಪ ಹೆಚ್ಚು. ಮಲಗಿದರೆ ಉಸಿರು ಕಟ್ಟುತ್ತೆ, ಕಾಲು ಸೋಲುತ್ತೆ ಅಂದರೆ ಅವತ್ತೇ ಯಾವ ಊರಲ್ಲಿ ಯಂತ್ರ ಓಡ್ತಿದೆಯೋ ಅಲ್ಲಿಗೆ. ಆ ಊರುಗಳ ಪಟ್ಟಿಯನ್ನು ವಾರವಾರ ಹೊಸದು ಮಾಡೋ ಕೆಲಸ ಗುಂಪಿನಲ್ಲಿ ಒಬ್ಬರಿಗೆ ವಹಿಸಿ, ಅದೇ ಒಂದು ದೊಡ್ಡ ಸೇವೆ.

ಪಾಳಿ ಹಾಕುವಾಗ ಲೆಕ್ಕ: ನಾವು ಅವರಿಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 9 ಅಂದರೆ ಇಲ್ಲಿ 12.30. ಹಗಲು ಡ್ಯೂಟಿ ಇರುವವರನ್ನು ಆ ಪಾಳಿಗೆ ಹಾಕಬೇಡಿ, ಒಬ್ಬರಿಗೆ ವಾರಕ್ಕೆ ಎರಡು ರಾತ್ರಿ ಸಾಕು. ತಮ್ಮ ಸ್ವಂತ ಊರಿನ ಕರೆ ಬಂದರೆ ಪಕ್ಕದವರಿಗೆ ಕೊಡುವ ನಿಯಮವೂ ಇರಲಿ. ಆ ಹೊತ್ತಿನಲ್ಲಿ ತಮ್ಮನ ಸುದ್ದಿ ಕೇಳಬೇಕು ಅನಿಸುತ್ತೆ, ಡೋಸ್ ತಪ್ಪುತ್ತೆ.

ಇನ್ನೊಂದು, ಕನ್ನಡದವರು ಸಹಾಯಕ್ಕೆ ಕೂತರೆ ಗೋಡೆಗೆ ಅಂಟಿಸಬೇಕಾದದ್ದು. ಅವರು ಕೈಬರಹದಲ್ಲಿ ಅರಬ್ಬಿ ಅಂಕಿ ಬರೆಯುತ್ತಾರೆ. ಅರಬ್ಬಿಯ ಐದು ದುಂಡಗೆ, ಥೇಟ್ ನಮ್ಮ ಸೊನ್ನೆಯ ಹಾಗೆ. ಅವರ ಸೊನ್ನೆ ಬರೀ ಒಂದು ಚುಕ್ಕಿ. ಅವರ ಆರು ನಮ್ಮ ಕಣ್ಣಿಗೆ ಇಂಗ್ಲಿಷಿನ ಏಳು. ಚಾರ್ಟ್‌ನಲ್ಲಿ ಹತ್ತು ಅಂತ ಕಂಡದ್ದು ಹದಿನೈದು ಇರಬಹುದು, ಐವತ್ತನ್ನು ಐದು ಮತ್ತೊಂದು ಚುಕ್ಕಿ ಅಂದುಕೊಳ್ಳಬಹುದು. ಚಾರ್ಟ್‌ನ ಫೋಟೋ ಬಂದಾಗ ಅಂಕಿಗಳನ್ನು ವಾಯ್ಸ್ ನೋಟ್‌ನಲ್ಲಿ ಬಾಯಿಬಿಟ್ಟು ಹೇಳಿಸಿಕೊಂಡ ಮೇಲೇ ಡೋಸ್ ಹೇಳಿ.